ಮೈದಾನದ ಕೆಳಗಿರುವ ಗುಡ್ಡ

ನೈನಿತಾಲ್‌ಗೆ ಹೋದವರು ಸರೋವರದ ಒಂದು ತುದಿಯಲ್ಲಿರುವ 'ಫ್ಲ್ಯಾಟ್ಸ್' ಮೈದಾನವನ್ನು ನೋಡದೆ ಬರುವುದಿಲ್ಲ. ನಾನು ಹೋದಾಗ ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸುತ್ತಲೂ ಕಡಿದಾದ ಗುಡ್ಡಗಳಿರುವ ಊರಿನಲ್ಲಿ ಇಷ್ಟೊಂದು ಸಮತಟ್ಟು ಜಾಗ ಎಲ್ಲಿಂದ ಬಂತು ಎಂದು ನನಗೆ ಆಗ ಹೊಳೆಯಲಿಲ್ಲ. ಊರಿಗೆ ಮರಳಿ ಇತಿಹಾಸ ಓದಿದಾಗ ತಿಳಿಯಿತು: ಮೇಲಿನ ಗುಡ್ಡ ಕುಸಿದು ಬಂದು ಬಿದ್ದದ್ದರಿಂದಲೇ ಆ ಮೈದಾನ ಅಷ್ಟು ಅಗಲವಾಗಿದೆ.

ಅದು ನಡೆದದ್ದು 1880ರ ಸೆಪ್ಟೆಂಬರ್ 18, ಶನಿವಾರ. ಎರಡು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಬೆಳಗ್ಗೆ ಆಲ್ಮಾ ಗುಡ್ಡದ ಒಂದು ತುಂಡು ಜಾರಿ ವಿಕ್ಟೋರಿಯಾ ಹೋಟೆಲಿನ ಒಂದು ಭಾಗವನ್ನು ಮುಚ್ಚಿತು. ಸೈನಿಕರು, ಅಧಿಕಾರಿಗಳು, ಕೂಲಿಗಳು ಓಡಿ ಬಂದು ಮಣ್ಣು ತೆಗೆಯತೊಡಗಿದರು. ಮಧ್ಯಾಹ್ನ ಗುಡ್ಡ ಮತ್ತೆ ಜರಿಯಿತು. ಈ ಸಲ ಅದು ಹೋಟೆಲನ್ನೂ ನೈನಾದೇವಿ ಗುಡಿಯನ್ನೂ ಕಾಪಾಡಲು ಬಂದವರನ್ನೂ ಹೊತ್ತೊಯ್ದಿತು. ಸತ್ತವರು 151 ಮಂದಿ. ತೇಜಸ್ವಿಯವರ ಅನುವಾದದಿಂದ ಕನ್ನಡದ ಓದುಗರಿಗೆ ಆಪ್ತನಾದ ಜಿಮ್ ಕಾರ್ಬೆಟ್‌ಗೆ ಆಗ ಐದು ವರ್ಷ. ಅವನ ಊರು ಅದೇ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಅದೇ ಗುಡ್ಡ 1866ರಲ್ಲಿ ಜಾರಿತ್ತು. 1879ರಲ್ಲಿ, ಅದೇ ಜಾಗದಲ್ಲಿ, ಇನ್ನೂ ದೊಡ್ಡದಾಗಿ ಜಾರಿತ್ತು. ಗುಡ್ಡ ಎರಡು ಸಲ ಹೇಳಿತ್ತು.

ದುರಂತದ ನಂತರ ಇಳಿಜಾರುಗಳ ಮೇಲೆ ಚರಂಡಿಗಳ ಜಾಲ ಕಟ್ಟಿದರು. ಕಾರಣ ಸರಳ. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಅದರ ಒತ್ತಡ ಕಣಗಳನ್ನು ಬಿಡಿಸುತ್ತದೆ. ಅವು ಒಂದನ್ನೊಂದು ಹಿಡಿದು ನಿಲ್ಲುವ ಬಲ ಕುಗ್ಗುತ್ತದೆ. ಹೀಗಾಗಿ ನೀರನ್ನು ಒಳಗಿಳಿಯಲು ಬಿಡದೆ ಹೊರಗೆ ಹರಿಸಬೇಕು.

ಇಂದು ಇದೇ ತಿಳಿವಳಿಕೆ ನಕ್ಷೆಯ ರೂಪ ಪಡೆದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಲ್ಲಿ ದೇಶದ ಸುಮಾರು 4.3 ಲಕ್ಷ ಚದರ ಕಿಲೋಮೀಟರ್ ಬೆಟ್ಟಪ್ರದೇಶದ ನಕ್ಷೆ ಮಾಡಲು ಹೊರಟಿತು. ನಮ್ಮ ಕೊಡಗು, ಚಿಕ್ಕಮಗಳೂರುಗಳೂ ಅದರಲ್ಲಿವೆ. ಇಳಿಜಾರಿನ ಕೋನ, ಕಲ್ಲಿನ ಗುಣ, ಮಣ್ಣಿನ ದಪ್ಪ, ನೆಲದ ಬಳಕೆ ಎಲ್ಲವನ್ನೂ ಕೂಡಿಸಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಗುಡ್ಡಗಳನ್ನು ವಿಂಗಡಿಸುತ್ತಾರೆ. ಆದರೆ ಲೆಕ್ಕ ಶುರುವಾಗುವುದು ಹಿಂದೆ ಎಲ್ಲೆಲ್ಲಿ ಕುಸಿದಿತ್ತು ಎಂಬ ಪಟ್ಟಿಯಿಂದ. ಹಾಗಾಗಿ ಈ ನಕ್ಷೆ ಒಂದು ಬಗೆಯ ಇತಿಹಾಸ ಗ್ರಂಥವೇ.

ಅದಕ್ಕೆ ಮಿತಿಗಳೂ ಇವೆ. ಅದು ಎಲ್ಲಿ ಎನ್ನುತ್ತದೆ, ಯಾವಾಗ ಎನ್ನುವುದಿಲ್ಲ. ಅದಕ್ಕೆ ಮಳೆಯ ಲೆಕ್ಕ ಬೇರೆಯೇ ಬೇಕು. ಗುಡ್ಡ ಒಡೆಯುವ ಜಾಗ ಒಂದು, ಜನ ಸಾಯುವ ಜಾಗ ಇನ್ನೊಂದು ಆಗಬಹುದು. 2024ರ ಜುಲೈ 30ರಂದು ವಯನಾಡಿನಲ್ಲಿ ಮೇಲೆಲ್ಲೋ ಒಡೆದ ಗುಡ್ಡ ಕೆಸರು, ಬಂಡೆಗಳ ಹೊಳೆಯಾಗಿ ಹಲವು ಕಿಲೋಮೀಟರ್ ಹರಿದು ಚೂರಲ್‌ಮಲದ ಮನೆಗಳ ಮೇಲೆ ಬಂತು.

ಇನ್ನೊಂದು ತೊಡಕು ನಮ್ಮ ಮಲೆನಾಡಿನದು. ಇಲ್ಲಿ ಗುಡ್ಡದ ಗಾಯ ಕೆಲವೇ ಮಳೆಗಾಲಗಳಲ್ಲಿ ಹಸಿರಿನಡಿ ಮುಚ್ಚಿಹೋಗುತ್ತದೆ. ಉಪಗ್ರಹಕ್ಕೆ ಕಾಣದ್ದು ಅಜ್ಜಿಗೆ ನೆನಪಿರಬಹುದು: ಯಾವ ವರ್ಷ, ಯಾರ ತೋಟದ ಮೇಲಿನ ಬರೆ ಜರಿಯಿತು, ಯಾವ ತೋಡು ದಾರಿ ಬದಲಿಸಿತು. 2018ರ ಆಗಸ್ಟ್‌ನ ಕೊಡಗನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಬೆಟ್ಟದೂರಿನ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕೂತು ಅದನ್ನೆಲ್ಲ ಬರೆದುಕೊಳ್ಳಿ. ತಾರೀಕು ಹಾಕಿ, ಜಾಗದ ಹೆಸರು ಹಾಕಿ. ನೈನಿತಾಲಿನಲ್ಲಿ ಹಾಗೆ ಯಾರೋ ಬರೆದಿಟ್ಟಿದ್ದರಿಂದಲೇ 1866 ಮತ್ತು 1879 ನಮಗೆ ಗೊತ್ತು.