ಹಾಸಿಗೆ ಹುಣ್ಣು: ಗಾಯದ ಅಳತೆಯಿಂದ ಬದುಕಿನ ಅಳತೆಗೆ

ಹಾಸಿಗೆ ಹಿಡಿದವರ ಸೊಂಟ, ಹಿಮ್ಮಡಿಗಳಲ್ಲಿ ಒತ್ತಡದಿಂದ ಏಳುವ ಹುಣ್ಣು ಬಹು ಹಳೆಯದು. ಆದರೆ ಅದನ್ನು ಅನುಭವಿಸುವವರ ಮಾತು ವೈದ್ಯಕೀಯ ಅಳತೆಗೋಲನ್ನು ಪ್ರವೇಶಿಸಿದುದು ತೀರ ಈಚೆಗೆ.

ಹತ್ತೊಂಬತ್ತನೆಯ ಶತಮಾನದ ಚರ್ಚೆ ಕಾರಣವನ್ನು ಕುರಿತದ್ದಾಗಿತ್ತು. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದನ್ನು ಸಾಮಾನ್ಯವಾಗಿ ಶುಶ್ರೂಷೆಯ ದೋಷವೆಂದರು. ಫ್ರಾನ್ಸಿನ ಷಾರ್ಕೋ ನರಹಾನಿಯೇ ಮೂಲವೆಂದು ವಾದಿಸಿದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಘಟಕವನ್ನು ಆರಂಭಿಸಿದ ಗುಟ್‌ಮನ್, ಹಗಲಿರುಳೂ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಮುಂದೆ ಬಂದ ನಾರ್ಟನ್ (1962), ಬ್ರೇಡನ್ (1987) ಮಾಪಕಗಳು ಹುಣ್ಣಾಗುವ ಸಂಭವವನ್ನು ಅಂಕಗಳಲ್ಲಿ ಹೇಳಿದವು. ಇವು ಇಂದಿಗೂ ಉಪಯುಕ್ತವೇ. ಆದರೆ ಅಂಕ ಹಾಕುವವರು ಆರೈಕೆ ಮಾಡುವವರು, ರೋಗಿಯಲ್ಲ.

ಈ ಹಿನ್ನೆಲೆಯಲ್ಲಿ 2013ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸಂಶೋಧಕರು ಪ್ರಕಟಿಸಿದ ಪ್ರಶ್ನಾವಳಿ ಗಮನಾರ್ಹ. ರೋಗಿಗಳ ಮಾತುಗಳನ್ನು ಆಧರಿಸಿ ರೂಪುಗೊಂಡ ಅದರ ಹತ್ತು ವಿಭಾಗಗಳಲ್ಲಿ ನೋವು, ನಿದ್ರೆ, ಚಲನೆಗಳ ಜೊತೆಗೆ ಕೀವಿನ ಸ್ರಾವ, ದುರ್ವಾಸನೆ, ಸಂಕೋಚ, ಜನರೊಡನೆ ಬೆರೆಯುವಿಕೆಗಳೂ ಸೇರಿವೆ. ಗಾಯದ ಆಳವನ್ನಷ್ಟೇ ಅಳೆದವರಿಗೆ, ವಾಸನೆಗೆ ಅಂಜಿ ನೆಂಟರನ್ನು ದೂರವಿಡುವ ರೋಗಿಯ ಒಂಟಿತನ ಕಾಣುವುದಿಲ್ಲ.

ಆದರೂ ಒಂದು ಮಿತಿ ಉಳಿದಿದೆ. ಈ ಪ್ರಶ್ನಾವಳಿ ಸ್ವತಃ ಉತ್ತರಿಸಬಲ್ಲವರಿಗೆ ಮಾತ್ರ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಮರೆವಿನ ರೋಗಕ್ಕೆ ಸಿಕ್ಕ ವೃದ್ಧರು ಈ ಹುಣ್ಣಿಗೆ ಹೆಚ್ಚು ಗುರಿಯಾಗುವವರು. ಅವರೇ ಅಳತೆಯ ಹೊರಗುಳಿಯುತ್ತಾರೆ. ಮಾತನಾಡುವವರನ್ನಷ್ಟೇ ದಾಖಲಿಸಿ ಊರನ್ನೇ ದಾಖಲಿಸಿದೆವೆಂದು ನಂಬುವ ತಪ್ಪು ಜಾನಪದ ಕ್ಷೇತ್ರಕಾರ್ಯಕ್ಕೂ ಹೊಸದಲ್ಲ. ಮೌನವಾಗಿರುವವರ ನರಳಿಕೆ, ಮುಖಭಾವಗಳನ್ನು ಬಲ್ಲ ಮನೆಯವರ ಸಾಕ್ಷ್ಯವೂ ಅಲ್ಲಿ ದಾಖಲೆಯೇ ಎಂದು ಗ್ರಹಿಸಬೇಕಾಗಿದೆ.