ಮಿದುಳಿನ ಗಾಯ ಮತ್ತು ಕಾವಲು ಕೋಶಗಳು: ಒಂದು ಚಾರಿತ್ರಿಕ ಟಿಪ್ಪಣಿ

ದಾವಣಗೆರೆ, ಹರಿಹರಗಳನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯ ಊರುಗಳಲ್ಲಿ, ತಲೆಗೆ ಪೆಟ್ಟು ಬಿದ್ದು ಬದುಕುಳಿದವರ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಗಾಯ ಮಾಯ್ದೈತಿ, ಆಳು ಮೊದಲಿನಂಗಿಲ್ಲ.’ ಕ್ಷೇತ್ರಕಾರ್ಯದಲ್ಲಿ ನಾನಿದನ್ನು ಗಾಳಿ-ಸೋಂಕಿನ ನಂಬಿಕೆಗಳ ಪಟ್ಟಿಗೆ ಸೇರಿಸಿದ್ದೆ. ಅದು ತಪ್ಪೆಂದು ಈಗ ತೋರುತ್ತದೆ.

1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿಸಿ, ಮಿದುಳಿನ ಒಂದು ಬಗೆಯ ಸಣ್ಣ ಕೋಶಗಳನ್ನು ಪ್ರತ್ಯೇಕವಾಗಿ ಗುರುತಿಸಿ ಮೈಕ್ರೊಗ್ಲಿಯಾ ಎಂದು ಹೆಸರಿಸಿದನು. ಇವು ಮಿದುಳಿನ ರಕ್ಷಣಾ ಕೋಶಗಳು. ಗಾಯವಾಗುವವರೆಗೆ ಇವು ನಿಶ್ಚಲವೆಂಬ ಗ್ರಹಿಕೆ ಬಹುಕಾಲವಿತ್ತು. 2005ರಲ್ಲಿ ಜೀವಂತ ಇಲಿಯ ಮಿದುಳನ್ನೇ ಸೂಕ್ಷ್ಮದರ್ಶಕದಡಿ ನೋಡಿದವರಿಗೆ, ಅವು ಸದಾ ತಮ್ಮ ಎಳೆಗಳನ್ನು ಚಾಚಿ ಸುತ್ತಲನ್ನು ತಡವುತ್ತಿರುವುದು ಕಂಡಿತು. ಗಾಯವಾದ ಕೆಲವೇ ನಿಮಿಷಗಳಲ್ಲಿ ಆ ಎಳೆಗಳು ಅತ್ತ ಧಾವಿಸಿದವು. ಒಡೆದ ಕೋಶಗಳಿಂದ ಸೋರುವ ಎಟಿಪಿ ಎಂಬ ರಾಸಾಯನಿಕ ಅವುಗಳನ್ನು ಕರೆಯುತ್ತದೆ. ಸತ್ತ ನರಕೋಶಗಳ ಅವಶೇಷಗಳನ್ನು ಅವು ನುಂಗಿ ತೆರವುಗೊಳಿಸುತ್ತವೆ. ಆದರೆ ಉದ್ರೇಕ ತಣಿಯದಿದ್ದರೆ, ಉರಿಯೂತದ ದ್ರವ್ಯಗಳನ್ನು ಸ್ರವಿಸಿ ಉಳಿಯಬಹುದಾಗಿದ್ದ ನರಕೋಶಗಳನ್ನೂ ಕೆಡಿಸುತ್ತವೆ. 1224ರ ಸುಮಾರಿಗೆ ಪೋಲಾಳ್ವ ದಂಡನಾಯಕನು ಹರಿಹರದಲ್ಲಿ ಕಟ್ಟಿಸಿದ ಗುಡಿಯಲ್ಲಿ ಕಾಯುವ ಹರಿ, ಲಯದ ಹರ ಒಂದೇ ವಿಗ್ರಹ. ಆ ಊರಿನವರಿಗೆ ಈ ಇಬ್ಬಗೆ ಹೊಸತೆನಿಸಲಾರದು. ಹೋಲಿಕೆಯನ್ನು ಇದಕ್ಕಿಂತ ಹಿಗ್ಗಿಸುವುದು ತರವಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಾನವ ಮಿದುಳಿನ ಸಂಗ್ರಹಾಗಾರ ಆರಂಭವಾಯಿತು. ಇಂಥ ಗಾಯಗಳ ಅಧ್ಯಯನಕ್ಕೆ ಅದು ಆಕರ. 2011ರಲ್ಲಿ ಲಂಡನ್ನಿನ ಸಂಶೋಧಕರು, ಪೆಟ್ಟಾಗಿ 17 ವರ್ಷಗಳವರೆಗೆ ಕಳೆದವರಲ್ಲಿಯೂ ಈ ಕೋಶಗಳ ಉದ್ರೇಕದ ಗುರುತು ಕಂಡರು. ಹೆದ್ದಾರಿ ಬದಿಯ ಮನೆಗಳವರು ಹೇಳುವ ಬದಲಾವಣೆಗೆ ಇದೂ ಒಂದು ಕಾರಣವಿರಬಹುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಮಾತಿದೆ. ಪೆಟ್ಟು ಬಿದ್ದ ವರ್ಷವನ್ನು ಮಾತ್ರ ನಾನು ಕೇಳಿ ಬರೆದುಕೊಂಡಿಲ್ಲ.