ಟ್ಯುನೀಶಿಯದ ರಾಷ್ಟ್ರೀಯ ಸಂವಾದ ಚತುಷ್ಕೂಟ

ಉತ್ತರ ಆಫ್ರಿಕದ ಟ್ಯುನೀಶಿಯದಲ್ಲಿ 2013ರಲ್ಲಿ ತಲೆದೋರಿದ ರಾಜಕೀಯ ಬಿಕ್ಕಟ್ಟನ್ನು ಸಂಧಾನದ ಮೂಲಕ ಬಗೆಹರಿಸಿದ ನಾಲ್ಕು ನಾಗರಿಕ ಸಂಸ್ಥೆಗಳ ಕೂಟ. 1946ರಲ್ಲಿ ಸ್ಥಾಪನೆಯಾದ ಕಾರ್ಮಿಕ ಸಂಘಟನೆ ಯುಜಿಟಿಟಿ, ಉದ್ಯಮಿಗಳ ಒಕ್ಕೂಟ, ಮಾನವ ಹಕ್ಕುಗಳ ಲೀಗ್ ಮತ್ತು ವಕೀಲರ ಪರಿಷತ್ತು ಇದರ ಸದಸ್ಯ ಸಂಸ್ಥೆಗಳು.

ಹಿನ್ನೆಲೆ: 2011ರ ಜನವರಿಯಲ್ಲಿ ಅಧ್ಯಕ್ಷ ಬೆನ್ ಅಲಿ ಪದಚ್ಯುತರಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಡೆದ ಸಂವಿಧಾನ ಸಭೆಯ ಚುನಾವಣೆಯಲ್ಲಿ 217 ಸ್ಥಾನಗಳ ಪೈಕಿ 89ನ್ನು ಗೆದ್ದ ಇಸ್ಲಾಂವಾದಿ ಎನ್ನಹ್ದಾ ಪಕ್ಷ ಮೈತ್ರಿ ಸರ್ಕಾರ ರಚಿಸಿತು. 2013ರ ಫೆಬ್ರವರಿ 6ರಂದು ಎಡಪಂಥೀಯ ನಾಯಕ ಶೋಕ್ರಿ ಬೆಲೈದ್, ಜುಲೈ 25ರಂದು ಸಭಾ ಸದಸ್ಯ ಮೊಹಮದ್ ಬ್ರಾಹ್ಮಿ ತಮ್ಮ ಮನೆಗಳೆದುರೇ ಗುಂಡೇಟಿಗೆ ಬಲಿಯಾದರು. ಪ್ರತಿಭಟನೆ ಭುಗಿಲೆದ್ದು ಸಂವಿಧಾನ ಸಭೆಯ ಕಲಾಪ ಸ್ಥಗಿತಗೊಂಡಿತು.

ಸಂಧಾನ: ಸೆಪ್ಟೆಂಬರ್‌ನಲ್ಲಿ ಕೂಟ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಸರ್ಕಾರದ ರಾಜೀನಾಮೆ, ಪಕ್ಷಾತೀತ ಪ್ರಧಾನಿಯ ನೇಮಕ, ಸಂವಿಧಾನದ ಅಂಗೀಕಾರ ಮತ್ತು ಚುನಾವಣೆ ಅದರ ಮುಖ್ಯ ಅಂಶಗಳು. ಅದಕ್ಕೆ ಸಹಿ ಹಾಕಿದ ಪಕ್ಷಗಳಿಗಷ್ಟೇ ಮಾತುಕತೆಗೆ ಪ್ರವೇಶವಿತ್ತು. ಅಧ್ಯಕ್ಷ ಮರ್ಝೂಕಿಯವರ ಪಕ್ಷವೇ ಸಹಿ ಹಾಕಲು ಒಪ್ಪಲಿಲ್ಲ. ಸಾಂಪ್ರದಾಯಿಕವಾಗಿ ಎದುರಾಳಿಗಳಾದ ಕಾರ್ಮಿಕರೂ ಮಾಲೀಕರೂ ಒಂದಾಗಿ ನಿಂತದ್ದು, ಮುಷ್ಕರ ಹೂಡಿ ದೇಶವನ್ನೇ ನಿಲ್ಲಿಸಬಲ್ಲ ಯುಜಿಟಿಟಿಯ ಶಕ್ತಿ, ಇವು ಸಂಧಾನಕ್ಕೆ ತೂಕ ತಂದವು.

ಫಲಿತಾಂಶ: ಡಿಸೆಂಬರ್‌ನಲ್ಲಿ ಮೆಹ್ದಿ ಜೋಮಾ ಪ್ರಧಾನಿ ಹುದ್ದೆಗೆ ಆಯ್ಕೆಯಾದರು. 2014ರ ಜನವರಿ 26ರಂದು ಹೊಸ ಸಂವಿಧಾನ 200 ಮತಗಳಿಂದ ಅಂಗೀಕಾರವಾಯಿತು. ಅದೇ ವರ್ಷ ಸಂಸತ್ತಿಗೂ ಅಧ್ಯಕ್ಷ ಸ್ಥಾನಕ್ಕೂ ಚುನಾವಣೆ ನಡೆಯಿತು. ಕೂಟಕ್ಕೆ 2015ರ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಅಧ್ಯಕ್ಷ ಕೈಸ್ ಸಯೀದ್ 2021ರ ಜುಲೈನಲ್ಲಿ ಸಂಸತ್ತನ್ನು ಅಮಾನತಿನಲ್ಲಿಟ್ಟರು. 2022ರಲ್ಲಿ ಬೇರೊಂದು ಸಂವಿಧಾನ ಜಾರಿಗೆ ಬಂತು.